ಮಣಿಮಹೇಶಕ್ಕೆ ಎಷ್ಟು ಜನ ಸಾಕು?

ಹದಿಮೂರು ಕಿಲೋಮೀಟರ್. ಹಿಮಾಚಲ ಪ್ರದೇಶದ ಚಂಬಾ ಜಿಲ್ಲೆಯ ಹಡ್ಸರ್ ಎಂಬ ಹಳ್ಳಿಯಿಂದ ಮಣಿಮಹೇಶ ಸರೋವರಕ್ಕೆ ಇರುವ ಕಾಲುದಾರಿ ಇಷ್ಟೇ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮೇಲೆ, ಮರುದಿನ ಮುಳುಗು ಹಾಕಿ ಇಳಿದರೆ ರಾತ್ರಿ ಬಸ್ಸಿಗೆ ಸಿಗಬಹುದು. ಮಾನಸ ಸರೋವರಕ್ಕೆ ಬೇಕಾಗುವ ಪಾಸ್‌ಪೋರ್ಟು, ಚೀನಾದ ವೀಸಾ, ವಾರಗಟ್ಟಲೆ ರಜೆ, ಲಕ್ಷಗಟ್ಟಲೆ ದುಡ್ಡು ಯಾವುದೂ ಇಲ್ಲಿ ಬೇಡ. ಕೈಲಾಸವೆಂದೇ ಕರೆಯುವ ಶಿಖರ ಎದುರಿಗೇ ಇದೆ, ಕೆಳಗೆ ನೀರಿದೆ. ಇಷ್ಟು ಅಗ್ಗಕ್ಕೆ, ಇಷ್ಟು ಬೇಗ ಸಿಗುವ ಕೈಲಾಸವನ್ನು ಯಾರು ಬಿಟ್ಟಾರು? ಲಕ್ಷಗಟ್ಟಲೆ ಜನ ಹೋಗುತ್ತಾರೆ, ಅದೂ ಬಹುತೇಕ ಎರಡೇ ವಾರದಲ್ಲಿ, ಅದೂ ಮಳೆಗಾಲದ ನಟ್ಟನಡುವೆ.

ಕೃಷ್ಣ ಜನ್ಮಾಷ್ಟಮಿಯಿಂದ ರಾಧಾಷ್ಟಮಿಯವರೆಗೆ ನಡೆಯುವ ಈ ಯಾತ್ರೆ 2025ರಲ್ಲಿ ಆಗಸ್ಟ್ 16ಕ್ಕೆ ಶುರುವಾಗಿ 31ಕ್ಕೆ ಮುಗಿಯಬೇಕಿತ್ತು. ಕೊನೆಯ ವಾರದ ಮಳೆ ಅದಕ್ಕೆ ಬಿಡಲಿಲ್ಲ. ಚಂಬಾದಿಂದ ಭರ್ಮೌರ್‌ಗೆ ಹೋಗುವ ಹೆದ್ದಾರಿ ಅಲ್ಲಲ್ಲಿ ಕಿತ್ತುಕೊಂಡು ರಾವಿ ನದಿ ಸೇರಿತು. ಮೊಬೈಲುಗಳು ಸತ್ತವು. ಸಾವಿರಾರು ಯಾತ್ರಿಕರು ಭರ್ಮೌರ್‌ನಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದರು. ಕಾಲಿನಲ್ಲಿ ಕಸುವಿದ್ದವರು ಕುಸಿದ ಗುಡ್ಡಗಳನ್ನು ಹತ್ತಿಳಿದು ನಡೆದೇ ಚಂಬಾ ಮುಟ್ಟಿದರು. ಆಗದವರನ್ನು ಹೊತ್ತು ತರಲು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಬರಬೇಕಾಯಿತು. ಹತ್ತಕ್ಕೂ ಹೆಚ್ಚು ಯಾತ್ರಿಕರು ವಾಪಸು ಬರಲೇ ಇಲ್ಲ.

ಅದೇ ತಿಂಗಳ 14ರಂದು ಜಮ್ಮುವಿನ ಕಿಶ್ತ್ವಾರ್‌ನ ಮಚೈಲ್ ಮಾತಾ ಯಾತ್ರೆಯ ದಾರಿಯಲ್ಲಿ, ವಾಹನಗಳು ನಿಲ್ಲುವ ಕೊನೆಯ ಹಳ್ಳಿ ಚಿಸೋಟಿಯಲ್ಲಿ, ಮೇಘಸ್ಫೋಟದ ಕೆಸರು ಊಟದ ಲಂಗರಿನ ಮೇಲೇ ನುಗ್ಗಿ 60ಕ್ಕೂ ಹೆಚ್ಚು ಜನ ಸತ್ತಿದ್ದರು. 26ರಂದು ವೈಷ್ಣೋದೇವಿಯ ದಾರಿಯಲ್ಲಿ ಅರ್ಧಕುವಾರಿ ಬಳಿ ಗುಡ್ಡ ಜರಿದು 30ಕ್ಕೂ ಹೆಚ್ಚು ಮಂದಿ ಹೋದರು. ಎಚ್ಚರಿಕೆ ಇದ್ದರೂ ಯಾತ್ರಿಕರನ್ನೇಕೆ ತಡೆಯಲಿಲ್ಲ ಎಂದು ಜಮ್ಮು-ಕಾಶ್ಮೀರದ ಮುಖ್ಯಮಂತ್ರಿ ಒಮರ್ ಅಬ್ದುಲ್ಲಾ ಬಹಿರಂಗವಾಗಿಯೇ ಕೇಳಿದರು. ನಾವು ಯಾತ್ರೆಯನ್ನು ಮೊದಲೇ ನಿಲ್ಲಿಸಿದ್ದೆವು ಎಂದಿತು ದೇವಸ್ಥಾನದ ಮಂಡಳಿ. ನಿಲ್ಲಿಸಿದ ಯಾತ್ರೆಯ ದಾರಿಯಲ್ಲಿ ಅಷ್ಟು ಜನ ಹೇಗಿದ್ದರು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮಣಿಮಹೇಶದ ವಿಷಯದಲ್ಲಿ ನನ್ನ ವಾದ ಇದು. ದಿನಕ್ಕೆ ಇಷ್ಟೇ ಜನ ಎಂಬ ಗಟ್ಟಿ ಮಿತಿ ಬೇಕು. ಹವಾಮಾನ ಇಲಾಖೆ ಚಂಬಾ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟ ದಿನ ಯಾತ್ರಿಕರ ಬಸ್ಸುಗಳು ಕೆಳಗಿನ ಪಂಜಾಬಿನ ಪಠಾಣ್‌ಕೋಟ್ ದಾಟಬಾರದು. ಆ ಎರಡು ವಾರದಲ್ಲಿ ಮೊದಲ ಹಕ್ಕು ಆ ಸೀಮೆಯವರದು, ದೂರದಿಂದ ಹೋಗುವ ನಮ್ಮಂಥವರದಲ್ಲ. ಈ ಮೂರನೆಯ ಮಾತಿಗೆ ಹೆಚ್ಚು ಸಿಟ್ಟು ಬರುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಪಠಾಣ್‌ಕೋಟ್ ಏಕೆ, ಹಡ್ಸರ್‌ನಲ್ಲಿ ಗೇಟ್ ಹಾಕಿದರೆ ಸಾಲದೆ? ಸಾಲದು. 2025ರಲ್ಲಿ ಜನರನ್ನು ಕೂಡಿಹಾಕಿದ್ದು ಆ ಹದಿಮೂರು ಕಿಲೋಮೀಟರ್ ಕಾಲುದಾರಿ ಮಾತ್ರವಲ್ಲ, ಅದಕ್ಕೂ ಹಿಂದೆ ಚಂಬಾದಿಂದ ಭರ್ಮೌರ್‌ವರೆಗಿನ ಅರವತ್ತು ಚಿಲ್ಲರೆ ಕಿಲೋಮೀಟರ್ ಡಾಂಬರು ರಸ್ತೆ. ಒಂದು ಪಕ್ಕ ಕಡಿದ ಗುಡ್ಡ, ಇನ್ನೊಂದು ಪಕ್ಕ ರಾವಿ, ಮುಂದೆ ಅದರ ಉಪನದಿ ಬುಢಿಲ್. ಈ ಕಣಿವೆಯಲ್ಲಿ ಚಮೇರಾದಿಂದ ಹಿಡಿದು ಒಂದರ ಮೇಲೊಂದು ಜಲವಿದ್ಯುತ್ ಯೋಜನೆಗಳು ಬಂದಿವೆ. ಸುರಂಗ ಕೊರೆದು, ರಸ್ತೆ ಅಗಲ ಮಾಡಿದ ಗುಡ್ಡಗಳಿಗೆ ಮೊದಲಿನ ಬಿಗಿ ಇಲ್ಲ. ಮೇಲೆ ಸಿಕ್ಕಿಕೊಂಡವನಿಗೆ ಇಳಿಯಲು ಇರುವುದು ಇದೊಂದೇ ರಸ್ತೆ. ಹಾಗಿರುವಾಗ ರಸ್ತೆ ಮುಗಿದಲ್ಲಿ ತಪಾಸಣೆ ಇಟ್ಟು ಏನು ಪ್ರಯೋಜನ? ಲಕ್ಷ ಜನ ಆಗಲೇ ಕಣಿವೆಯ ಒಳಗಿರುತ್ತಾರೆ.

ಇತ್ತೀಚೆಗೆ ಆನ್‌ಲೈನ್ ನೋಂದಣಿ ಬಂದಿದೆ, ಒಳ್ಳೆಯದೇ. ಆದರೆ ನೋಂದಣಿ ಬೇರೆ, ಮಿತಿ ಬೇರೆ. ಎಷ್ಟು ಜನ ಹೋದರು ಎಂದು ಆಮೇಲೆ ಲೆಕ್ಕ ಹೇಳಲು ಮಾತ್ರ ನೋಂದಣಿ ಬಳಸಿದರೆ ಅದು ಹಾಜರಿ ಪುಸ್ತಕ, ಅಷ್ಟೇ.

ಇನ್ನು ಎತ್ತರದ ಮಾತು. ಪಠಾಣ್‌ಕೋಟ್ ಸಮುದ್ರಮಟ್ಟದಿಂದ ಮುನ್ನೂರು ಚಿಲ್ಲರೆ ಮೀಟರ್ ಮೇಲಿದೆ. ಭರ್ಮೌರ್ ಎರಡು ಸಾವಿರ ದಾಟುತ್ತದೆ. ಸರೋವರ ನಾಲ್ಕು ಸಾವಿರಕ್ಕೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ಪರ್ವತ ವೈದ್ಯರು. ಮಣಿಮಹೇಶಕ್ಕೆ ಹೋಗುವವರು ಈ ಲೆಕ್ಕವನ್ನು ಒಂದೇ ಹಗಲಿನಲ್ಲಿ ಮುರಿಯುತ್ತಾರೆ. ಧಂಚೋ ಬಯಲು ದಾಟುವಾಗ ತಲೆನೋವು ಶುರು, ಸುಂದ್ರಾಸಿಯಲ್ಲಿ ವಾಂತಿ, ಗೌರಿಕುಂಡದ ಹತ್ತಿರ ಕಾಲು ತಡವರಿಕೆ. ಜೊತೆಯವರು ಕರವಸ್ತ್ರದಲ್ಲಿ ಕಟ್ಟಿದ ಕರ್ಪೂರವನ್ನು ಮೂಗಿಗೆ ಹಿಡಿದು, ಇನ್ನು ಸ್ವಲ್ಪವೇ ದೂರ, ಶಿವ ಕರೆಸಿಕೊಳ್ಳುತ್ತಾನೆ ಎಂದು ಮೇಲಕ್ಕೇ ಎಳೆಯುತ್ತಾರೆ. ಶ್ವಾಸಕೋಶಕ್ಕೆ ನೀರು ಇಳಿಯುತ್ತಿರುವವನಿಗೆ ಕರ್ಪೂರ ಏನು ಮಾಡೀತು? ಅವನನ್ನು ತಕ್ಷಣ ಕೆಳಗಿಳಿಸಬೇಕು. ಹೆಗಲಿಗೆ ಹೆಗಲು ತಾಗುವ ಜನ, ಎದುರಿಗೆ ಹೇಸರಗತ್ತೆಗಳ ಸಾಲು, ಕಾಲಡಿಗೆ ಜಾರುವ ಕೆಸರು ಇರುವ ದಾರಿಯಲ್ಲಿ ಯಾರನ್ನೂ ಬೇಗ ಇಳಿಸಲಾಗದು. ಜನಸಂದಣಿಗೂ ಸಾವಿಗೂ ಇರುವ ನಂಟು ಇಲ್ಲಿದೆ.

ಇದಕ್ಕೆ ಸರ್ಕಾರಗಳ ಬಳಿ ಸಿದ್ಧ ಉತ್ತರವೊಂದಿದೆ: ನಡೆಯುವುದನ್ನೇ ತಪ್ಪಿಸೋಣ. ಭರ್ಮೌರ್‌ನಿಂದ ಗೌರಿಕುಂಡಕ್ಕೆ ಹೆಲಿಕಾಪ್ಟರ್ ಹಾರುತ್ತದೆ. ಮಣಿಮಹೇಶಕ್ಕೂ ರೋಪ್‌ವೇ ಬೇಕೆಂಬ ಮಾತು ಆಗಾಗ ಏಳುತ್ತದೆ. ಕೇದಾರನಾಥಕ್ಕೆ 12.9 ಕಿ.ಮೀ. ರೋಪ್‌ವೇಯನ್ನು 4,081 ಕೋಟಿ ರೂಪಾಯಿಯಲ್ಲಿ ಕಟ್ಟಲು ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಎಂಟೊಂಬತ್ತು ಗಂಟೆಯ ಹಾದಿ 36 ನಿಮಿಷಕ್ಕೆ ಇಳಿಯುತ್ತದಂತೆ, ದಿನಕ್ಕೆ 18 ಸಾವಿರ ಜನರನ್ನು ಸಾಗಿಸಬಹುದಂತೆ. ವಯಸ್ಸಾದವರ, ಅಂಗವಿಕಲರ ಹೆಸರು ಹೇಳಿ ಇದನ್ನು ಸಮರ್ಥಿಸುತ್ತಾರೆ. ಅವರ ಬಗ್ಗೆ ಕಾಳಜಿ ಇದ್ದರೆ ಕೆಲವೇ ಆಸನಗಳನ್ನು ಅವರಿಗೇ ಮೀಸಲಿಡಬಹುದು. ದಿನಕ್ಕೆ 18 ಸಾವಿರ ಎಂಬುದು ವೃದ್ಧರ ಸಂಖ್ಯೆಯಲ್ಲ, ಟಿಕೆಟ್ಟಿನ ಸಂಖ್ಯೆ. ದೇಹಕ್ಕೆ ಎತ್ತರ ಒಗ್ಗಲು ಬೇಕಾದ ಸಮಯವನ್ನು ಕಸಿದುಕೊಂಡು, ಹೃದ್ರೋಗಿಯನ್ನೂ ಆಸ್ತಮಾ ಇದ್ದವರನ್ನೂ ಕೆಲವೇ ನಿಮಿಷದಲ್ಲಿ ನಾಲ್ಕು ಸಾವಿರ ಮೀಟರ್ ಬಳಿ ಇಳಿಸುವುದು ಅವರಿಗೆ ಮಾಡುವ ಉಪಕಾರವೆಂದು ನನಗಂತೂ ಅನ್ನಿಸುವುದಿಲ್ಲ.

ಮಿತಿ ಎಂದ ಕೂಡಲೇ ಇನ್ನೊಂದು ಕೂಗು ಏಳುತ್ತದೆ: ಭಕ್ತರನ್ನು ಎಣಿಸಲು ನೀವ್ಯಾರು, ಹಿಂದೂಗಳ ಯಾತ್ರೆಗೇ ಏಕೆ ಈ ಕಟ್ಟುಪಾಡು? ಎಣಿಕೆ ಹೊಸದೇನಲ್ಲ. 1996ರ ಆಗಸ್ಟ್‌ನಲ್ಲಿ ಅಮರನಾಥದ ದಾರಿಯಲ್ಲಿ ಹಿಮಮಾರುತಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ನಿತೀಶ್ ಸೇನ್‌ಗುಪ್ತ ಸಮಿತಿ ಯಾತ್ರಿಕರ ಸಂಖ್ಯೆಗೆ ಮಿತಿ ಹಾಕಬೇಕೆಂದಿತು. ಇಂದು ವೈದ್ಯರ ಪ್ರಮಾಣಪತ್ರವಿಲ್ಲದೆ ಅಮರನಾಥಕ್ಕೆ ನೋಂದಣಿಯೇ ಆಗುವುದಿಲ್ಲ. ವೈಷ್ಣೋದೇವಿಗೆ ದಿನಕ್ಕೆ 50 ಸಾವಿರಕ್ಕಿಂತ ಹೆಚ್ಚು ಜನ ಬೇಡವೆಂದು ಹಸಿರು ನ್ಯಾಯಮಂಡಳಿ 2017ರಲ್ಲೇ ಹೇಳಿದೆ. ಇದರಿಂದ ಯಾವ ದೇವರೂ ಮುನಿಸಿಕೊಂಡಂತಿಲ್ಲ.

ಅದಕ್ಕಿಂತ ದೊಡ್ಡ ಸಾಕ್ಷಿ ಮಣಿಮಹೇಶದಲ್ಲೇ ಇದೆ. ಈ ಯಾತ್ರೆ ಗದ್ದಿಗಳದು, ಕುರಿಮಂದೆ ಹೊಡೆದುಕೊಂಡು ಬೇಸಿಗೆಗೆ ಮೇಲೇರಿ ಚಳಿಗಾಲಕ್ಕೆ ಇಳಿದುಬರುವ ಜನರದು. ಅವರ ಕಟ್ಟಳೆಯಲ್ಲಿ ಹೆಜ್ಜೆಹೆಜ್ಜೆಗೂ ತಡೆಗಳಿವೆ. ಭರ್ಮೌರ್‌ನ ಮೇಲಿನ ಭರ್ಮಾಣಿ ದೇವಿಯ ಕುಂಡದಲ್ಲಿ ಮೊದಲು ಮೀಯಬೇಕು, ಅದನ್ನು ಬಿಟ್ಟು ನೇರ ಹೋದರೆ ಯಾತ್ರೆಗೆ ಫಲವಿಲ್ಲ. (ಧರ್ಮಕ್ಕೆ ಧರ್ಮವೂ ಆಯಿತು, ಭರ್ಮೌರ್‌ನಲ್ಲಿ ಒಂದು ದಿನ ನಿಂತು ಮೈ ಎತ್ತರಕ್ಕೆ ಹೊಂದಿಕೊಂಡಂತೆಯೂ ಆಯಿತು. ಈಗ ಜೀಪು ಹತ್ತಿ ನೇರ ಹಡ್ಸರ್‌ಗೆ ಓಡುವವರಿಗೆ ಎರಡೂ ಇಲ್ಲ.) ರಾಧಾಷ್ಟಮಿಯ ದೊಡ್ಡ ಸ್ನಾನಕ್ಕೆ ಮುಂಚೆ ಸಚುಯಿ ಗ್ರಾಮದ ಶಿವನ ಚೇಲಾಗಳು ಬರಬೇಕು. ಭರ್ಮೌರ್‌ನ ಚೌರಾಸಿ ಗುಡಿಗಳ ಅಂಗಳದಲ್ಲಿ ಕೂತು, ಮೈಮೇಲೆ ದೇವರು ಬಂದು, ಅಲ್ಲಿಂದ ಸರೋವರಕ್ಕೆ ಏರಿ, ಮೈ ಮರಗಟ್ಟಿಸುವ ಆ ನೀರಿಗಿಳಿದು ಈ ದಡದಿಂದ ಆ ದಡಕ್ಕೆ ದಾಟುತ್ತಾರೆ. ದಲ್ ತೋಡ್ನಾ ಎಂದು ಅದಕ್ಕೆ ಹೆಸರು. ಅದಾಗುವವರೆಗೆ ದಡದಲ್ಲಿ ಕಿಕ್ಕಿರಿದ ಜನ ಕಾಯುತ್ತಾರೆ. ದೇವರ ನೀರಿಗೆ ಅಪ್ಪಣೆಯಿಲ್ಲದೆ ನುಗ್ಗಬಾರದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಜಿಲ್ಲಾಧಿಕಾರಿ ಹೇಳಬಲ್ಲ?

ಶಿಖರದ ಕತೆಯೂ ಅಂಥದೇ. ಒಬ್ಬ ಗದ್ದಿ ಕುರುಬ ಮಂದೆಯೊಂದಿಗೆ ಕೈಲಾಸದ ತುದಿಗೆ ಹತ್ತಲು ಹೋಗಿ ಅಲ್ಲೇ ಕಲ್ಲಾದನಂತೆ. ತುದಿಯ ಕೆಳಗಿನ ಕೋಡುಗಲ್ಲುಗಳನ್ನು ಇವನು ಕುರುಬ, ಇವು ಕುರಿ ಎಂದು ಇಂದಿಗೂ ತೋರಿಸುತ್ತಾರೆ. 1968ರಲ್ಲಿ ನಂದಿನಿ ಪಟೇಲ್ ನೇತೃತ್ವದ ಭಾರತ-ಜಪಾನ್ ತಂಡ ಏರಲು ಹೋಗಿ ಅರ್ಧದಲ್ಲೇ ಹಿಂದೆ ಬಂತು. 5,653 ಮೀಟರ್ ಹಿಮಾಲಯಕ್ಕೆ ದೊಡ್ಡ ಎತ್ತರವೇನಲ್ಲ. ಆದರೂ ಆ ತುದಿಯನ್ನು ಹಾಗೇ ಬಿಟ್ಟಿದ್ದಾರೆ. ಇಲ್ಲಿಂದ ಮುಂದೆ ಬೇಡ ಎನ್ನುವುದು ಅಲ್ಲಿ ಭಕ್ತಿಯ ಒಂದು ರೂಪ. ಸಂಪ್ರದಾಯದ ಹೆಸರಿನಲ್ಲಿ ಮಿತಿಯನ್ನು ವಿರೋಧಿಸುವವರು ಯಾವ ಸಂಪ್ರದಾಯದ ಮಾತಾಡುತ್ತಿದ್ದಾರೋ, ಗದ್ದಿಗಳದ್ದಂತೂ ಅಲ್ಲ.

ನನ್ನ ಮೂರನೆಯ ವಾದಕ್ಕೆ ಬುಡ ಇರುವುದು ಇಲ್ಲಿಯೇ. ಜಮ್ಮುವಿನ ಭದರ್ವಾಹ್ ಕಡೆಯಿಂದ ತಲೆಮಾರುಗಳಿಂದ ಘಾಟಿಗಳನ್ನು ದಾಟಿ ನಡೆದೇ ಜನ್ಮಾಷ್ಟಮಿಯ ಸ್ನಾನಕ್ಕೆ ಬರುವವರಿದ್ದಾರೆ. ಚಂಬಾದಿಂದ ದೇವರ ಛಡಿ (ದಂಡ) ಹೊತ್ತು ಬರುವವರಿದ್ದಾರೆ. ಅವರಿಗೆ ಆ ತಿಥಿಯೇ ಬೇಕು, ಬೇರೆ ದಿನ ಆಗದು. ದಿಲ್ಲಿ, ಲೂಧಿಯಾನ, ಬೆಂಗಳೂರಿನಿಂದ ಹೋಗುವವನಿಗೆ ಆ ತಿಥಿಯ ಹಂಗೇನು? ಅವನ ರಜೆ ಯಾವಾಗಲೋ ಅವನ ಪುಣ್ಯಕಾಲ ಆವಾಗ. ಹಾಗಾದರೆ ಜೂನ್‌ನಲ್ಲಿ ಹಿಮ ಕರಗಿದ ಮೇಲೆ ಮಳೆಗೆ ಮುಂಚೆ ಹೋಗಲಿ, ಇಲ್ಲವೇ ಮಳೆ ಹಿಂದೆ ಸರಿದ ಸೆಪ್ಟೆಂಬರ್ ಕೊನೆಗೆ ಹೋಗಲಿ. ಸಂವಿಧಾನದ ಸಮಾನತೆ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿಯಾರು. ನಾನು ಯಾರಿಗೂ ಸರೋವರದ ಬಾಗಿಲು ಮುಚ್ಚುತ್ತಿಲ್ಲ. ಹದಿನೈದು ದಿನದ ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕು ಎನ್ನುತ್ತಿದ್ದೇನೆ.

ಎದುರಾಳಿಗಳ ಒಂದೇ ಒಂದು ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಅದು ಹೊಟ್ಟೆಪಾಡಿನದು. ಡೇರೆ ಹಾಕಿ ಬಾಡಿಗೆಗೆ ಕೊಡುವವರು, ಹೇಸರಗತ್ತೆ ಓಡಿಸುವ ಹುಡುಗರು, ಚಹಾ-ಮ್ಯಾಗಿ ಮಾರುವವರು, ಟ್ಯಾಕ್ಸಿಯವರು, ಇವರಿಗೆಲ್ಲ ವರ್ಷದ ದುಡಿಮೆಯ ದೊಡ್ಡ ಪಾಲು ಆ ಎರಡು ವಾರದಲ್ಲಿ ಬರಬೇಕು. ಜನ ಕಡಿಮೆಯಾದರೆ ಅವರ ಗತಿ? ಆದರೆ 2025ರಲ್ಲಿ ಯಾತ್ರೆ ನಡುವೆಯೇ ಮುರಿದುಬಿದ್ದಾಗ ಅವರ ಗತಿಯೂ ನೆಟ್ಟಗಿರಲಿಲ್ಲ. ಮಳೆಯ ಜೂಜಿನ ಮೇಲೆ ನಿಂತ ಹದಿನೈದು ದಿನದ ಸಂತೆಗಿಂತ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿಹೋದ ವ್ಯಾಪಾರ ಅವರಿಗೇ ಲೇಸು. ಕಸದ ಪ್ರಶ್ನೆಗೂ ಇದೇ ಪರಿಹಾರ. ಪುಕ್ಕಟೆ ಲಂಗರುಗಳ ತಟ್ಟೆ-ಲೋಟ, ಒಣಗದೆ ಬಿಸಾಡಿದ ಬಟ್ಟೆ, ಶೌಚದ ಹೊಲಸು ಎಲ್ಲ ಜಾರಿ ಸೇರುವುದು ಮಣಿಮಹೇಶ ನಾಲೆಗೆ, ಅಲ್ಲಿಂದ ಬುಢಿಲ್‌ಗೆ, ಕೊನೆಗೆ ರಾವಿಗೆ. ಅದನ್ನು ಕೆಳಗಿನವರು ಕುಡಿಯಬೇಕು.

ಇದೆಲ್ಲ ಉತ್ತರದವರ ತಲೆನೋವು, ನಮಗೇನು ಎನ್ನುವಂತಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ, ಅದೂ ಅಲ್ಲಿನವರು ಪೂಜಿಸುವ ಸರೋವರವೇ, ಕರ್ನಾಟಕದಿಂದ ಹೋದ ಚಾರಣಿಗರ ತಂಡದಲ್ಲಿ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಸತ್ತರು. ಉಳಿದವರನ್ನು ಕರೆತರಲು ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಓಡಬೇಕಾಯಿತು. ಅದೇ ವರ್ಷ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಇರುವೆ ಸಾಲಿನಂತೆ ಜನ ನಿಂತ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ನಮ್ಮ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಎಂದು ಗೆರೆ ಎಳೆಯಿತು. ಒಂದಿಷ್ಟು ಗೊಣಗಾಟವಾಯಿತು, ಆಮೇಲೆ ಜನ ಒಗ್ಗಿಕೊಂಡರು. ಅತ್ತ ನಮ್ಮ ಸರ್ಕಾರ ಮಾನಸ ಸರೋವರಕ್ಕೆ ಹೋಗಿಬಂದವರಿಗೆ 30 ಸಾವಿರ, ಚಾರ್‌ಧಾಮ್‌ಗೆ 20 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ಕೊಡಲಿ. ಅರ್ಜಿಯ ಜೊತೆ ಯಾತ್ರೆಗೆ ಮುಂಚಿನ ವೈದ್ಯಕೀಯ ತಪಾಸಣೆಯ ಪತ್ರವನ್ನೂ ಕೇಳಲಿ. ಬೊಕ್ಕಸಕ್ಕೆ ಒಂದು ರೂಪಾಯಿಯೂ ಹೆಚ್ಚು ಬೀಳದ ಕೆಲಸ ಅದು.

ಹಿಮಾಚಲದ ಬಗ್ಗೆ ನನಗಿರುವ ಭಯ ಬೇರೆ. 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠ ಮಾಸವಿದೆ, ಅದರಿಂದ ಜನ್ಮಾಷ್ಟಮಿ ಸೆಪ್ಟೆಂಬರ್ 4ಕ್ಕೆ ಸರಿಯುತ್ತದೆ. ಮಳೆಯ ಜೋರು ಇಳಿಯುವ ಹೊತ್ತು ಅದು. ಯಾತ್ರೆ ಸುಸೂತ್ರವಾಗಿ ನಡೆದುಬಿಟ್ಟರೆ ಮಿತಿಯ ಮಾತನ್ನು ಎಲ್ಲರೂ ಸದ್ದಿಲ್ಲದೆ ಕಡತಕ್ಕೆ ಸೇರಿಸುತ್ತಾರೆ, ದೇವರ ದಯೆಯಿಂದ ಎಲ್ಲ ಸರಿಹೋಯಿತು ಎನ್ನುತ್ತಾರೆ. 2027ರಲ್ಲಿ ಜನ್ಮಾಷ್ಟಮಿ ಮತ್ತೆ ಆಗಸ್ಟ್ 25ಕ್ಕೆ ಬರುತ್ತದೆ.