ಮಂಗಳವಾರ ಡಾಕ್ಟ್ರು ಬರ್ತಾರೆ, ಉಳಿದ ಆರು ದಿನ?

ಮೊನ್ನೆ ಮಂಗಳವಾರ ನಮ್ಮ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಎದುರಿನ ಚಾದಂಗಡಿಯಲ್ಲಿ ಒಬ್ಬ ತಾಯಿ ಸಿಕ್ಕರು. ವಯಸ್ಸು ಅರವತ್ತರ ಆಸುಪಾಸು. ಪಕ್ಕದಲ್ಲಿ ಮೂವತ್ತು ದಾಟಿದ ಮಗ, ತಲೆ ತಗ್ಗಿಸಿ ಚಾ ಕುಡಿಯುತ್ತಿದ್ದ.

‘ಗುಳಿಗಿ ತಗೊಂಡಾಗ ಚಲೋ ಇರ್ತಾನ್ರಿ, ಹೊಲಕ್ಕೂ ಹೋಗ್ತಾನ. ಗುಳಿಗಿ ತಪ್ಪಿತು ಅಂದ್ರ ರಾತ್ರಿಯೆಲ್ಲಾ ಎದ್ದು ತಿರುಗ್ತಾನ. ಯಾರೋ ಬೈದಂಗ ಕೇಳಸ್ತದಂತ’ ಅಂದರು.

ಮತ್ತೆ ಎರಡು ತಿಂಗಳು ಯಾಕಮ್ಮಾ ತಪ್ಪಿಸಿದಿರಿ?

‘ಮೆಣಸಿನಕಾಯಿ ಬಿಡಿಸೋ ಕಾಲ ಯಪ್ಪಾ. ಒಂದಿನ ಇಲ್ಲಿಗೆ ಬಂದ್ರ ಇಬ್ಬರ ಕೂಲಿ ಹೋಗ್ತದ. ನನಗೇನೋ ಬಸ್ಸು ಪುಕ್ಕಟೆ, ಇವನಿಗೆ ಟಿಕೀಟು ತಗೀಬೇಕಲ್ಲ. ಇಷ್ಟು ಮಾಡಿ ಬಂದ್ರ ಒಂದು ಗುಳಿಗಿ ಇಲ್ಲ, ಹೊರಗ ತಗೊಳ್ರಿ ಅಂತಾರ.’

ಡಾಕ್ಟ್ರಿಲ್ಲ ಅಂತ ಆಕೆ ದೂರಲಿಲ್ಲ, ಗಮನಿಸಿ. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಅದು ಒಳ್ಳೆಯ ಕೆಲಸವೇ. ಆದರೆ ಈ ಕಾಯಿಲೆ ಮಂಗಳವಾರ ಮಾತ್ರ ಬಂದು ಹೋಗುವಂಥದ್ದಲ್ಲವಲ್ಲ, ಸ್ವಾಮೀ!

ಈ ಮಾತನ್ನು ಬಳ್ಳಾರಿಯಲ್ಲಿ ಕೇಳುವುದಕ್ಕೆ ಕಾರಣ ಉಂಟು. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೊರಡಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. 1985ರಿಂದ 1990ರವರೆಗೆ ಇಲ್ಲಿ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಬೇಕಾದ ಕೆಲವೇ ಬಗೆಯ ಗುಳಿಗೆಗಳನ್ನು ಹಳ್ಳಿಯ ಕೇಂದ್ರದಲ್ಲೇ ಇಟ್ಟರು. ಯಾರು ಬಂದರು, ಯಾರು ತಪ್ಪಿಸಿದರು ಅಂತ ಲೆಕ್ಕ ಬರೆದಿಟ್ಟರು. ರೋಗಿಯನ್ನು ಮುನ್ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಸಾಗಿಸುವ ಬದಲು ಔಷಧವನ್ನೇ ರೋಗಿಯ ಊರಿಗೆ ತಂದರು.

‘ಬಳ್ಳಾರಿ ಮಾದರಿ’ ಅಂತ ಹೆಸರಾದದ್ದು ಇದೇ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಅಡಿಪಾಯ. ಈಗ ಅದು ದೇಶದ ಉದ್ದಗಲಕ್ಕೂ ಹಬ್ಬಿದೆ. ದೇಶಕ್ಕೆ ಪಾಠ ಹೇಳಿದ ಊರಿನಲ್ಲೇ ಒಬ್ಬ ತಾಯಿ ಮಗನ ಗುಳಿಗೆಗೋಸ್ಕರ ಇಬ್ಬರ ಕೂಲಿ ಕಳೆದುಕೊಳ್ಳುತ್ತಾಳೆ ಅಂದರೆ ಪಾಠದ ಯಾವುದೋ ಪುಟ ಹರಿದಿದೆ ಅಂತಲೇ ಅರ್ಥ.

ಇದು ನಮ್ಮೊಬ್ಬರ ಕಥೆಯಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಬಗೆ ನೋಡಿಕೊಂಡು ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಔಷಧಿ, ಓಡಾಟ ಅಂತ ಒಂದು ಕುಟುಂಬಕ್ಕೆ ತಿಂಗಳಿಗೆ 1,000ದಿಂದ 1,500 ರೂಪಾಯಿ ಕೈಬಿಡುತ್ತಿತ್ತು. ಕೂಲಿ ಮನೆಯಲ್ಲಿ ಈ ದುಡ್ಡಿಗೆ ಏನು ಬೆಲೆ ಅಂತ ಓದುಗರಿಗೆ ಹೇಳಬೇಕಾಗಿಲ್ಲ.

ಕಾಯಿದೆ ಏನೂ ಕಡಿಮೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಚಿಕಿತ್ಸೆ ಪಡೆಯುವುದು ಹಕ್ಕು ಅಂತ ಅದು ಹೇಳುತ್ತದೆ. ಸರಪಳಿ ಹಾಕಿ ಕಟ್ಟುವುದನ್ನು ನಿಷೇಧಿಸುತ್ತದೆ. ಬೀದಿಯಲ್ಲಿ ಅಲೆಯುವ ರೋಗಿಯನ್ನು ರಕ್ಷಿಸಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ ಅನ್ನುತ್ತದೆ. ಗುಣವಾದವರಿಗೆ ಹೋಗಲು ಮನೆಯಿಲ್ಲ ಅಂತ ಆಸ್ಪತ್ರೆಯಲ್ಲೇ ಕೊಳೆಸಬಾರದು, ಅವರಿಗೆ ಆಸರೆಯ ಮನೆಗಳನ್ನು ಸರ್ಕಾರ ಮಾಡಬೇಕು ಅಂತಲೂ ಬರೆದಿದೆ.

ಈ ಕೊನೆಯ ಮಾತೇ ಮುಖ್ಯ. ಗುಳಿಗೆ ಗದ್ದಲವನ್ನು ತಗ್ಗಿಸುತ್ತದೆ, ನಿದ್ದೆ ಬರಿಸುತ್ತದೆ. ಆಮೇಲೆ ಆ ಹುಡುಗನಿಗೆ ಕೆಲಸ ಕೊಡುವವರು ಯಾರು? ‘ಹುಚ್ಚ’ ಅಂತ ಕರೆದು ನಗುವ ಕಟ್ಟೆಯ ಬಾಯಿ ಮುಚ್ಚಿಸುವವರು ಯಾರು? ತಾಯಿ ಸತ್ತ ಮೇಲೆ ಅವನಿಗೆ ಅನ್ನ ಹಾಕುವವರು ಯಾರು? ಆ ತಾಯಿ ರಾತ್ರಿ ಕಣ್ಣು ಮುಚ್ಚದಿರುವುದು ಈ ಮೂರನೇ ಪ್ರಶ್ನೆಗೆ.

ಗುಡಿಗೆ ಹೋದರು, ದರ್ಗಾಕ್ಕೆ ಹೋದರು, ತಾಯಿತ ಕಟ್ಟಿಸಿದರು ಅಂತ ಇಂಥವರನ್ನು ನಗುವುದು ಸುಲಭ. ಹೋಗಲಿ ಬಿಡಿ, ನಂಬಿಕೆ ಅವರದು. ದೇವರಿಗೆ ಕೈ ಮುಗಿದು ಗುಳಿಗೆಯನ್ನೂ ನುಂಗಲಿ. ಆದರೆ ಗುಳಿಗೆ ಸಿಗದೆ ಬರೀ ಅಲ್ಲಿಯೇ ಬಿಟ್ಟು ಬಂದರೆ ಏನಾದೀತು ಎಂಬುದಕ್ಕೆ ತಮಿಳುನಾಡಿನ ಎರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯದ ಶೆಡ್ಡಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟು ಸತ್ತರು.

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆಯ ಹೊಸ ಕಟ್ಟಡ ಬೇಡ. ಮನೋವೈದ್ಯರು ಒಮ್ಮೆ ನೋಡಿ ಬರೆದುಕೊಟ್ಟ ಗುಳಿಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ತಿಂಗಳು ತಿಂಗಳು ಸಿಗಲಿ. ಅಲ್ಲೊಂದು ಹೆಸರಿನ ಪುಸ್ತಕ ಇರಲಿ. ತಪ್ಪಿಸಿದವರ ಮನೆಗೆ ಒಬ್ಬರು ಹೋಗಿ ವಿಚಾರಿಸಲಿ. ಆ ಕೆಲಸವನ್ನು ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟುವುದಾದರೆ ಅದಕ್ಕೆ ತಕ್ಕ ದುಡ್ಡೂ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರ ಸರ್ಟಿಫಿಕೇಟಿಗೆ ಜಿಲ್ಲಾ ಕೇಂದ್ರಕ್ಕೆ ಅಲೆಸದೆ ಅದೇ ಮಂಗಳವಾರ ತಾಲ್ಲೂಕಿನಲ್ಲೇ ತಪಾಸಣೆ ಮಾಡಿ. ಹಗಲು ಹೊತ್ತು ಕೂತು ಏನಾದರೂ ಕೆಲಸ ಕಲಿಯಲು ತಾಲ್ಲೂಕಿಗೆ ಒಂದು ಆರೈಕೆ ಕೇಂದ್ರ ತೆರೆಯಿರಿ. ತಾಯಿಯ ಕೂಲಿ ಉಳಿಯುತ್ತದೆ, ಮಗನ ಮಾನವೂ ಉಳಿಯುತ್ತದೆ.

ಓದುಗರಿಗೂ ಒಂದು ಮಾತು. 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಮನೆಯಲ್ಲಿ ಯಾರಿಗಾದರೂ ಬೇಕಾದೀತು, ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಆದರೆ ಫೋನಿನಲ್ಲಿ ಧೈರ್ಯ ಹೇಳಬಹುದೇ ಹೊರತು ಗುಳಿಗೆ ಕೊಡಲಾಗದು.

ಆ ತಾಯಿ ಚಾ ದುಡ್ಡು ಕೊಟ್ಟು ಮಗನ ಕೈ ಹಿಡಿದು ಬಸ್ಸಿಗೆ ಹೊರಟರು. ಸೆರಗಿನ ಗಂಟಿನಲ್ಲಿ ಹದಿನೈದು ದಿನದ ಗುಳಿಗೆ. ಹದಿನಾರನೇ ದಿನದ ಲೆಕ್ಕವನ್ನು ಜಿಲ್ಲಾ ಆಡಳಿತ ಕೊಡಲಿ.