ಬಿಲ್ಡರ್ ಪಡೆದದ್ದೇನು, ಊರಿಗೆ ಉಳಿದದ್ದೇನು?

ಲೋವರ್ ಪರೇಲ್, ಲಾಲ್‌ಬಾಗ್ ಕಡೆ ಗಿರಣಿಯ ಭೋಂಗಾ ಕೇಳಿಯೇ ದಿನ ಆರಂಭಿಸುತ್ತಿದ್ದ ತುಳು-ಕನ್ನಡಿಗ ಹಿರಿಯರು ಇಂದೂ ನಮ್ಮ ನಡುವೆ ಇದ್ದಾರೆ. ಆ ಗಿರಣಿಗಳ ಜಾಗದಲ್ಲಿ ಈಗ ಮಾಲ್‌ಗಳೂ ಗಗನಚುಂಬಿ ಕಟ್ಟಡಗಳೂ ನಿಂತಿವೆ. ಕಟ್ಟಡ ಏಳುವುದು ತಪ್ಪಲ್ಲ, ನಗರ ಬೆಳೆಯಲೇ ಬೇಕು. ಆದರೆ ಅದಕ್ಕೆ ಅನುಮತಿ ನೀಡುವಾಗ ಸರಕಾರ ಮತ್ತು ಮಹಾನಗರ ಪಾಲಿಕೆ ಜನರ ಪರವಾಗಿ ಪಡೆದುಕೊಂಡದ್ದು ಏನು ಎಂಬುದೇ ಪ್ರಶ್ನೆ.

1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೇ ನಿಯಮ ಗಿರಣಿ ಜಮೀನಿಗೆ ಒಂದು ಲೆಕ್ಕ ಹಾಕಿತ್ತು. ಸ್ಥೂಲವಾಗಿ ಮೂರನೇ ಒಂದು ಪಾಲು ಉದ್ಯಾನ, ಮೈದಾನಕ್ಕೆಂದು ಪಾಲಿಕೆಗೆ, ಇನ್ನೊಂದು ಪಾಲು ಸಾಮಾನ್ಯರ ಮನೆಗಳಿಗೆಂದು ಮ್ಹಾಡಾಕ್ಕೆ, ಉಳಿದದ್ದು ಮಾಲಕರಿಗೆ. 2001ರಲ್ಲಿ ರಾಜ್ಯ ಸರಕಾರ ಈ ನಿಯಮವನ್ನು ತಿದ್ದಿತು. ಆವರಣದಲ್ಲಿ ಮೊದಲೇ ಖಾಲಿ ಇದ್ದ ಜಾಗ ಮಾತ್ರ ಹಂಚಿಕೆಗೆ ಬರುತ್ತದೆ, ಶೆಡ್ಡು ಕೆಡವಿದ ಮೇಲೆ ಖಾಲಿಯಾಗುವ ಜಾಗ ಬರುವುದಿಲ್ಲ ಎಂದಾಯಿತು. ಗಿರಣಿಯೆಂದರೆ ಬಹುಪಾಲು ಶೆಡ್ಡೇ ಎಂಬುದನ್ನು ಅಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಹತ್ತು ಎಕರೆಯಲ್ಲಿ ಒಂಬತ್ತು ಎಕರೆ ಶೆಡ್ಡಿದ್ದರೆ ಹಂಚಿಕೆಗೆ ಸಿಗುವುದು ಒಂದೇ ಎಕರೆ! 2005ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಜನರ ಪರ ತೀರ್ಪಿತ್ತರೂ, 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 2001ರ ತಿದ್ದುಪಡಿಯನ್ನೇ ಎತ್ತಿ ಹಿಡಿಯಿತು.

ಕಾನೂನಿನ ಮಾತು ಅಲ್ಲಿಗೆ ಮುಗಿಯಿತು, ನೀತಿಯ ಮಾತು ಮುಗಿಯಲಿಲ್ಲ. ಜನರಿಗೆ ಒಮ್ಮೆ ಘೋಷಿಸಿದ ಪಾಲನ್ನು ಕಡಿತ ಮಾಡುವುದಾದರೆ ಎಷ್ಟು ಎಕರೆ ಹೋಗುತ್ತದೆ, ಅದರ ಬೆಲೆ ಎಷ್ಟು, ಬದಲಿಗೆ ಏನು ಸಿಗುತ್ತದೆ ಎಂಬುದನ್ನು ಸಹಿ ಬೀಳುವ ಮೊದಲೇ ಬಹಿರಂಗವಾಗಿ ಹೇಳಬೇಕು. ಬಿಲ್ಡರ್ ಜೊತೆಗಿನ ಯಾವುದೇ ಒಪ್ಪಂದಕ್ಕೂ ಇದು ಅನ್ವಯಿಸುತ್ತದೆ.

ಪಾಲಿಕೆ ಮನಸ್ಸು ಮಾಡಿದರೆ ಇದು ಅಸಾಧ್ಯವೇನಲ್ಲ. 2012ಕ್ಕೆ ಮೊದಲು ಬಾಲ್ಕನಿ, ಹೂಕುಂಡದ ಜಾಗ ಮುಂತಾದವನ್ನು ಎಫ್‌ಎಸ್‌ಐ ಲೆಕ್ಕದಿಂದ ಬಿಡುವುದು ಆಯುಕ್ತರ ವಿವೇಚನೆಗೆ ಸೇರಿತ್ತು. ಹೂಕುಂಡದ ಜಾಗ ಆಮೇಲೆ ಕೋಣೆಯೊಳಗೆ ಸೇರಿಕೊಳ್ಳುತ್ತಿದ್ದುದನ್ನು ಮುಂಬಯಿಯಲ್ಲಿ ಫ್ಲ್ಯಾಟ್ ನೋಡಲು ಹೋದವರೆಲ್ಲ ಬಲ್ಲರು. ಆಯುಕ್ತ ಸುಬೋಧ್ ಕುಮಾರ್ ಅವರ ಅವಧಿಯಲ್ಲಿ, 2012ರ ಜನವರಿಯಲ್ಲಿ ಇವೆಲ್ಲವನ್ನೂ ಲೆಕ್ಕಕ್ಕೆ ಸೇರಿಸಿ, ವಸತಿ ಕಟ್ಟಡಕ್ಕೆ ಶೇ. 35ರಷ್ಟು ಹೆಚ್ಚುವರಿ ಎಫ್‌ಎಸ್‌ಐಯನ್ನು ನಿಗದಿತ ಪ್ರೀಮಿಯಂಗೆ ಕೊಡುವ ವ್ಯವಸ್ಥೆ ಬಂತು. ಒಬ್ಬ ಅಧಿಕಾರಿಯ ಮೇಜಿನ ಮೇಲೆ ನಿರ್ಧಾರವಾಗುತ್ತಿದ್ದ ರಿಯಾಯಿತಿಗೆ ಎಲ್ಲರಿಗೂ ಗೊತ್ತಿರುವ ದರ ಬಂತು. 2021ರ ಜನವರಿಯಲ್ಲಿ ಕೋವಿಡ್ ಕಾರಣಕ್ಕೆ ರಾಜ್ಯ ಸರಕಾರ ಪ್ರೀಮಿಯಂಗಳನ್ನು ವರ್ಷಾಂತ್ಯದ ತನಕ ಅರ್ಧಕ್ಕಿಳಿಸಿದಾಗ, ಲಾಭ ಪಡೆಯುವ ಬಿಲ್ಡರ್ ಗ್ರಾಹಕರ ಸ್ಟಾಂಪ್ ಡ್ಯೂಟಿ ಭರಿಸಬೇಕೆಂದು ಷರತ್ತು ಹಾಕಿತ್ತು. ಆ ರಿಯಾಯಿತಿ ಸರಿಯೇ ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಕಾರಣ, ಗಡುವು, ಷರತ್ತು ಮೂರೂ ಕಣ್ಣೆದುರಿಗಿದ್ದವು.

ನಗರಸೇವಕರ ವಿಷಯ ಇನ್ನೂ ಸೂಕ್ಷ್ಮ. ಪಾಲಿಕೆಯೊಂದಿಗಿನ ಗುತ್ತಿಗೆಯಲ್ಲಿ ಪಾಲು ಇರುವವರನ್ನು 1888ರ ಪಾಲಿಕೆ ಕಾಯ್ದೆ ಅನರ್ಹರನ್ನಾಗಿಸುತ್ತದೆ. ಆದರೆ ಕಟ್ಟಡದ ಪರವಾನಗಿ ಗುತ್ತಿಗೆಯಲ್ಲ. ಸ್ವಂತದವರ ಪ್ರಾಜೆಕ್ಟ್ ಚರ್ಚೆಗೆ ಬಂದಾಗ ಎದ್ದು ಹೊರಗೆ ನಡೆಯುವ ಪದ್ಧತಿಯನ್ನು ಅವರೇ ಬೆಳೆಸಿಕೊಳ್ಳಬೇಕು.

ನಾವೂ ಸುಮ್ಮನೆ ಕೂರಬಾರದು. ಅಭಿವೃದ್ಧಿ ಯೋಜನೆಯಲ್ಲಿ ಬದಲಾವಣೆ ಮಾಡುವ ಮೊದಲು ಪ್ರಕಟಣೆ ಹೊರಡಿಸಿ ಆಕ್ಷೇಪ, ಸಲಹೆ ಕೇಳಬೇಕೆಂದು 1966ರ ನಗರ ಯೋಜನಾ ಕಾಯ್ದೆಯೇ ಹೇಳುತ್ತದೆ. 2015ರ ಫೆಬ್ರವರಿಯಲ್ಲಿ ಬಂದ ಕರಡು ಯೋಜನೆಯ ತಪ್ಪುಗಳ ವಿರುದ್ಧ ನಾಗರಿಕರು ದನಿ ಎತ್ತಿದ್ದರಿಂದಲೇ ಎಪ್ರಿಲ್‌ನಲ್ಲಿ ಅದನ್ನು ಕೈಬಿಡಬೇಕಾಯಿತು. ನಮ್ಮ ಸಂಘ-ಸಂಸ್ಥೆಗಳಲ್ಲಿ ವಕೀಲರಿದ್ದಾರೆ, ಆರ್ಕಿಟೆಕ್ಟ್‌ಗಳಿದ್ದಾರೆ. ತಮ್ಮ ವಾರ್ಡ್‌ನಲ್ಲಿ ಯಾವ ಮೈದಾನದ, ಯಾವ ಶಾಲೆಯ ಮೀಸಲು ಜಾಗ ಬದಲಾಗುತ್ತಿದೆ ಎಂದು ತಿಂಗಳಿಗೊಮ್ಮೆ ನೋಡಿ ಸದಸ್ಯರಿಗೆ ಕನ್ನಡದಲ್ಲಿ ತಿಳಿಸುವುದು ಅವರಿಗೆ ದೊಡ್ಡ ಕೆಲಸವಲ್ಲ. ಅವಧಿ ಮುಗಿದ ಮೇಲೆ ಬರೆದ ಆಕ್ಷೇಪ ಕಡತ ಸೇರುತ್ತದೆ, ಅಷ್ಟೇ.