ಲ್ಯಾಬ್‌ನಲ್ಲಿ /ಡೆವ್/ಪೋರ್ಟ್ ಮುಟ್ಟೋಕೆ ಬಿಡಿ

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಬ್ಯಾಚಿನವರು ಲ್ಯಾಬ್‌ನ ಒಂದು ಕಂಪ್ಯೂಟರನ್ನು ಹ್ಯಾಂಗ್ ಮಾಡಿದೆವು. ವೈರಸ್ ಅಲ್ಲ, ಗೇಮ್ ಅಲ್ಲ. ರೂಟ್ ಆಗಿ 'ಕ್ಯಾಟ್ /ಡೆವ್/ಪೋರ್ಟ್' ಅಂತ ಟೈಪ್ ಮಾಡಿದ್ದಷ್ಟೇ. ಬರೀ ಓದೋದು ತಾನೇ, ಏನಾಗುತ್ತೆ ಅಂದುಕೊಂಡಿದ್ದೆವು. ಅವತ್ತಿನಿಂದ ನಮಗೆ ರೂಟ್ ಪಾಸ್‌ವರ್ಡ್ ಇಲ್ಲ.

ಬೈಸಿಕೊಂಡದ್ದು ನ್ಯಾಯವೇ. ನಿಷೇಧ ಮಾತ್ರ ನ್ಯಾಯವಲ್ಲ ಅನ್ನೋದು ನಮ್ಮ ವಾದ.

'ಲಿನಕ್ಸ್‌ನಲ್ಲಿ ಎಲ್ಲವೂ ಫೈಲ್' ಅಂತ ಪರೀಕ್ಷೆಯಲ್ಲಿ ನಾವೆಲ್ಲ ಬರೆದು ಬಂದವರೇ. /ಡೆವ್/ಮೆಮ್ ತೆರೆದರೆ ಫೈಲಿನ ಆಫ್‌ಸೆಟ್ಟೇ ಭೌತಿಕ ಮೆಮೊರಿಯ ವಿಳಾಸ. /ಡೆವ್/ಪೋರ್ಟ್‌ನಲ್ಲಿ ಅದೇ ಪೋರ್ಟ್ ಸಂಖ್ಯೆ. ಆದರೆ ಹಾರ್ಡ್‌ವೇರ್ ರಿಜಿಸ್ಟರ್ ಅಂದರೆ ನೋಟ್‌ಬುಕ್ಕಿನ ಹಾಳೆಯಲ್ಲ, ಓದಿದರೂ ಅದರ ಸ್ಥಿತಿ ಬದಲಾಗಬಹುದು. ಪೋರ್ಟ್ 96 ಕೀಬೋರ್ಡಿನದು. ಅಲ್ಲಿ ಕಾದಿದ್ದ ಬೈಟನ್ನು ನಾವು ಓದಿಬಿಟ್ಟರೆ ಡ್ರೈವರ್‌ಗೆ ಅದು ಸಿಗುವುದಿಲ್ಲ. ಕ್ಯಾಟ್ ಆದರೋ ಸೊನ್ನೆಯಿಂದ ಹಿಡಿದು 65,536 ಪೋರ್ಟುಗಳನ್ನೂ ಸಾಲಾಗಿ ತಟ್ಟುತ್ತಾ ಹೋಗುತ್ತೆ. ಇದು ಯಾವ ಸ್ಲೈಡಿನಲ್ಲೂ ನಮಗೆ ಸಿಕ್ಕಿರಲಿಲ್ಲ.

ಸರಿಯಾದ ಪ್ರಯೋಗ ಹತ್ತು ಸಾಲಿನದು. ಆಫ್‌ಸೆಟ್ 112ಕ್ಕೆ ಹೋಗಿ ಸೊನ್ನೆ ಎಂಬ ಒಂದು ಬೈಟ್ ಬರೆಯಿರಿ, 113ಕ್ಕೆ ಹೋಗಿ ಒಂದು ಬೈಟ್ ಓದಿ. ಬರುವುದು ಮದರ್‌ಬೋರ್ಡಿನ ಗಡಿಯಾರದ ಸೆಕೆಂಡು. ಸಾಮಾನ್ಯವಾಗಿ ಅದು ಬಿಸಿಡಿಯಲ್ಲಿರುತ್ತೆ: 37ನೇ ಸೆಕೆಂಡಿನಲ್ಲಿ ಪೈಥಾನ್ 55 ಅಂತ ತೋರಿಸಿದರೆ ಗಾಬರಿ ಬೇಡ, ಹೆಕ್ಸ್‌ನಲ್ಲಿ ನೋಡಿ. ಬಿಸಿಡಿ ಯಾರಿಗೆ ಬೇಕು ಅಂತ ಗೊಣಗಿದ್ದವರಿಗೆ ಇಲ್ಲೇ ಉತ್ತರ. ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ ಬಫರಿಂಗ್ ಸೊನ್ನೆ ಮಾಡೋದನ್ನು ಮಾತ್ರ ಮರೀಬೇಡಿ. ಇಲ್ಲವಾದರೆ ನೀವು ಒಂದು ಬೈಟ್ ಕೇಳಿದರೂ ಅದು ಮುಂದಿನ ಸಾವಿರಾರು ಪೋರ್ಟುಗಳನ್ನು ಓದಿಬಿಡುತ್ತೆ. ಮತ್ತದೇ ಕ್ಯಾಟ್ ಕಥೆ.

ಅಪಾಯ ಅಂತೀರಾ? ನಿಜ, ಕರ್ನಲ್ ಬರೆಯುವವರೂ ಈ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಲೇ ಬಂದಿದ್ದಾರೆ. /ಡೆವ್/ಕೆಮೆಮ್ 2021ರಲ್ಲಿ, 5.13ನೇ ಆವೃತ್ತಿಯಿಂದ ಇಲ್ಲವೇ ಇಲ್ಲ. /ಡೆವ್/ಮೆಮ್ ಇದ್ದರೂ ಹೆಚ್ಚಿನ ಡಿಸ್ಟ್ರೋಗಳಲ್ಲಿ ಅದರ ಮೂಲಕ ರ‍್ಯಾಮ್ ಓದೋಕಾಗಲ್ಲ. ಸೆಕ್ಯೂರ್ ಬೂಟ್ ಇರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರೂಟ್‌ಗೂ ಪ್ರವೇಶವಿಲ್ಲ. ಆದರೆ ನಾವು ಕೇಳುತ್ತಿರುವುದು ಲ್ಯಾಬ್ ಸರ್ವರನ್ನಲ್ಲ. ಕ್ಯೂಎಮುನಲ್ಲಿ ಒಂದು ವರ್ಚುವಲ್ ಮಷೀನ್ ಕೊಡಿ ಸಾಕು. ಅದರಲ್ಲೂ ಈ ಗಡಿಯಾರ ಇದೆ, 112 ಮತ್ತು 113ರಲ್ಲೇ. ಹ್ಯಾಂಗ್ ಆದರೆ ವಿಂಡೋ ಮುಚ್ಚಿ ಮತ್ತೆ ತೆರೆದರಾಯ್ತು.

ಕಲಿಸದೇ ಇದ್ದರೆ ಏನಾಗುತ್ತೆ ಅನ್ನೋದು ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಕಾಣಿಸುತ್ತಿದೆ. ರಾಸ್ಪ್‌ಬೆರಿ ಪೈನಲ್ಲಿ ಎಲ್‌ಇಡಿ ಉರಿಸೋಕೆ /ಡೆವ್/ಮೆಮ್ ಬಳಸುವ ಕೋಡ್ ಎಲ್ಲಿಂದಲೋ ಕಾಪಿ ಆಗುತ್ತೆ. ಅನುಮತಿ ಇಲ್ಲ ಅಂದಾಗ ಫೈಲಿಗೆ 666 ಕೊಡ್ತೀವಿ. ಆದರೂ ತೆರೆಯಲ್ಲ, ಯಾಕಂದ್ರೆ ಕರ್ನಲ್ ಫೈಲಿನ ಅನುಮತಿಯ ಜೊತೆಗೆ ರಾ ಐಓ ಅಧಿಕಾರವನ್ನೂ ಕೇಳುತ್ತೆ. ಕೊನೆಗೆ ವೆಬ್ ಸರ್ವರ್ ಸಮೇತ ಇಡೀ ಪ್ರೋಗ್ರಾಮನ್ನೇ ರೂಟ್ ಆಗಿ ಓಡಿಸ್ತೀವಿ! ಬರೀ ಜಿಪಿಐಓ ಭಾಗವನ್ನಷ್ಟೇ ಕೊಡುವ /ಡೆವ್/ಜಿಪಿಐಓಮೆಮ್ ಅದೇ ಬೋರ್ಡಿನಲ್ಲಿ, ರೂಟ್ ಇಲ್ಲದೆ, ಮೊದಲಿಂದಲೂ ಕಾಯ್ತಾ ಕೂತಿರುತ್ತೆ. ಈ ತಪ್ಪು ಮಾಡಿದವರಲ್ಲಿ ನಾವೂ ಇದ್ದೇವೆ. ರಿವ್ಯೂನಲ್ಲಿ ಯಾರೂ ಕೇಳಲಿಲ್ಲ, ಅಂಕವೂ ಬಂತು.

ಮುಂದಿನ ಸೆಮಿಸ್ಟರಿನ ಓಎಸ್ ಲ್ಯಾಬ್ ಪಟ್ಟಿ ಇನ್ನೂ ಅಂತಿಮವಾಗಿಲ್ಲವಂತೆ. ಗಡಿಯಾರ ಓದುವ ಆ ಹತ್ತು ಸಾಲು ಮತ್ತು ವರ್ಚುವಲ್ ಮಷೀನಿನ ಇಮೇಜ್ ನಮ್ಮಲ್ಲಿ ರೆಡಿ ಇವೆ. ಕೇಳಿದ ದಿನವೇ ಪೆನ್‌ಡ್ರೈವಿನಲ್ಲಿ ತಂದುಕೊಡ್ತೀವಿ.